ಹಿಂಬಾಗಿಲ ಸುಕ್ಕು

ತಾತನ ಕಾಲದ ಈ ಕಾರಿನ ಮೈಗೆ ತಗಡೇ ಇಲ್ಲ, ಮರದ ಚೌಕಟ್ಟಿನ ಮೇಲೆ ಬರೀ ಬಟ್ಟೆ ಎಂದು ಸೋಸಲೆಯ ನಿವೃತ್ತ ಮೇಷ್ಟ್ರು ಶಂಕರನಾರಾಯಣ ಹೇಳಿದಾಗ ಇಂದ್ರಾಣಿ ನಂಬಲಿಲ್ಲ. ನಂಜನಗೂಡು ಬಸ್ ಸ್ಟ್ಯಾಂಡ್ ಹಿಂದೆ ಹನ್ನೆರಡು ವರ್ಷಗಳಿಂದ ಆಟೋ ಹುಡ್, ಬಸ್ ಸೀಟು ಹೊಲಿಯುತ್ತಿದ್ದವಳು ಅವಳು. ಹಳೆಯದನ್ನು ತೆಗೆದು ಹೊಸ ಬಟ್ಟೆ ಹೊದಿಸಲು ಮೇಷ್ಟ್ರು ಅವಳನ್ನು ಮನೆಗೆ ಕರೆಸಿದ್ದರು. ಕಾರಿನ ಬಾಗಿಲಿಗೆ ಬೆರಳಿನಿಂದ ತಟ್ಟಿ ನೋಡಿದಳು. ಠಣ್ ಎನ್ನಲಿಲ್ಲ. ದಿಂಬಿನ ಹಾಗೆ ಮೆತ್ತಗೆ ಒಳಸರಿಯಿತು.

"ಮೆಲ್ಲುಗ್ ತಟ್ರೀ, ನಾನು ಒಳಗಿವ್ನಿ," ಎಂದಿತು ಕಾರು.

ಗಾಜಿಲ್ಲದ ಕಿಟಕಿಯಿಂದ ಒಂದು ತಲೆ ಹೊರಬಂತು. ಕೂದಲ ತುಂಬ ಮರದ ಪುಡಿ. ಗೆದ್ದಲು ತಿಂದ ಚೌಕಟ್ಟಿಗೆ ಹೊಸ ಮರ ಜೋಡಿಸುತ್ತಿದ್ದ ಮೂಗೂರಿನ ಬಡಗಿ ಜಗನ್. ಅವನು ನಕ್ಕ. ಅವಳು ನಗು ತಡೆಯಲು ಅಳತೆಯ ಟೇಪಿನ ಕಡೆ ನೋಡಿದಳು.

ಆಮೇಲೆ ದಿನವೂ ಇಬ್ಬರೂ ಆಚೀಚೆ ನಿಂತು ಬಟ್ಟೆ ಎಳೆದರು.

"ಇನ್ನೂ ಎಳೀರಿ."

"ಇನ್ನೂ ಎಳುದ್ರೆ ನಾನೇ ಆ ಕಡೆ ಬಂದ್ಬುಡ್ತೀನಿ ಕಣ್ರೀ."

ಅವಳ ಕಿವಿ ಬಿಸಿಯಾಯಿತು.

ಎಲ್ಲ ಕಡೆಯೂ ಬಟ್ಟೆ ಬಿಗಿಯಾಗಿ ಕೂತಿತು, ಹಿಂಬಾಗಿಲೊಂದನ್ನು ಬಿಟ್ಟು. ಸಂಜೆ ನೆಟ್ಟಗಿದ್ದದ್ದು ಬೆಳಗ್ಗೆ ಸುಕ್ಕು. ಬಿಚ್ಚಿ ಮತ್ತೆ ಎಳೆದಳು. ಮತ್ತೆ ಸುಕ್ಕು. ಮೂರನೆಯ ಸಲ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಕಣ್ಣು ಚೆನ್ನಾಗಿಯೇ ಇತ್ತು. ಹಾಗಾದರೆ ಕೈಯೇ ಕೆಟ್ಟಿತೇ? ಆ ಕೈಯಿಂದಲೇ ಅವಳು ಅಮ್ಮನನ್ನು ಸಾಕಿ, ತಂಗಿಯನ್ನು ನರ್ಸಿಂಗ್ ಓದಿಸಿದ್ದಳು.

ಮರುದಿನ ಮೇಷ್ಟ್ರಿಗೆ, "ನನ್ ಕೈಲಾಗಲ್ಲ ಸಾರ್. ಬೇರೆಯವ್ರನ್ನ ನೋಡ್ಕೊಳಿ," ಎಂದು ಹೇಳಿ ಸೂಜಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಜಗನ್ ಉಳಿ ಬಿಟ್ಟು ಎದ್ದು ಬಂದ. ಬಾಗಿಲ ಸಂದಿಗೆ ಕೈ ಹಾಕಿ ತೆಳ್ಳನೆಯ ಮರದ ಚೆಕ್ಕೆಯೊಂದನ್ನು ಎಳೆದು ತೆಗೆದ. ಓರೆಯಾಗಿದ್ದ ಚೌಕಟ್ಟು ನೆಟ್ಟಗಾಗಿ ಸುಕ್ಕು ಹೋಯಿತು.

"ತಪ್ಪು ನಂದು ಸಾ. ದಿನಾ ಸಂಜೆ ನಾನೇ ಸಿಗುಸ್ತಿದ್ದೆ, ಇವ್ರು ಬಟ್ಟೆ ಬಿಚ್ಚೋಕ್ ಮುಂಚೆ ತಗುದ್ಬುಡ್ತಿದ್ದೆ. ಕೆಲ್ಸ ಮುಗುದ್ರೆ ಇವ್ರು ಬರಲ್ವಲ್ಲ ಅಂತ..."

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಮನೆಯೊಳಗೆ ಹೋದರು.

"ನನ್ ಕೈ ಹೋಯ್ತು ಅಂದ್ಕೊಂಡು ಒಂದ್ ವಾರ ಅನ್ನ ಸೇರಿಲ್ಲ ನಂಗೆ," ಇಂದ್ರಾಣಿ ಚೀಲ ಕೆಳಗೆ ಕುಕ್ಕಿದಳು. "ನಿಮಗದು ಆಟನಾ?"

ಅವನತ್ತ ತಿರುಗಿಯೂ ನೋಡದೆ ಎರಡೇ ದಿನದಲ್ಲಿ ಕೆಲಸ ಮುಗಿಸಿ ಅವಳು ಹೊರಟುಬಿಟ್ಟಳು.

ಹದಿನೈದು ದಿನಗಳಾದ ಮೇಲೆ ಜಗನ್ ಅವಳ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ.

"ಏನ್ ಕೆಲ್ಸ?" ತಲೆ ಎತ್ತದೆ ಕೇಳಿದಳು.

"ಕೆಲ್ಸ ಏನಿಲ್ಲ. ತಪ್ಪಾಯ್ತು ಅಂತ ಏಳಕ್ ಬಂದೆ. ನೀವಂದ್ರೆ ನಂಗಿಷ್ಟ. ಅದ್ನ ಆವತ್ತೇ ಬಾಯ್ಬುಟ್ಟು ಏಳ್ಬೇಕಿತ್ತು, ಧೈರ್ಯ ಬರ್ನಿಲ್ಲ."

ಮೆಷಿನ್ ನಿಂತಿತು. ಈ ಹದಿನೈದು ದಿನವೂ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಾನು ಯಾರೆಂದುಕೊಂಡು ತಲೆ ಎತ್ತುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು.

"ಇನ್ಮೇಲೆ ನನ್ ಕೆಲ್ಸದ ತಂಟೆಗೆ ಬರಬಾರ್ದು."

"ಬರಲ್ಲ."

"ನೋಡ್ಬೇಕು ಅನ್ಸಿದ್ರೆ, ನೋಡಕ್ಕೆ ಅಂತ್ಲೇ ಬರಬೇಕು."

ಅವನು ತಲೆಯಾಡಿಸಿದ. ಇಂದ್ರಾಣಿ ಸ್ಟೂಲಿನ ಮೇಲಿದ್ದ ರೆಕ್ಸಿನ್ ತುಂಡುಗಳನ್ನು ಕೆಳಗಿಟ್ಟು, ಸ್ಟೂಲನ್ನು ಅವನತ್ತ ತಳ್ಳಿದಳು.

"ಕೂತ್ಕೊಳಿ. ಟೀ ಹೇಳ್ತೀನಿ."