ಗಾಜಿನ ಮೇಲಿನ ಗೀಟು

ಮಂಗಳವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಟೈಲರಮ್ಮನ ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಜೋತಾಡುತ್ತಿತ್ತು. ಕಳುವಾದದ್ದೇನು ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಮಗ, ಸಾರ್."

ದಫೇದಾರರ ಪೆನ್ನು ನಿಂತಿತು.

"ಮಗನ ಫೋಟೋ. ಅವನು ಹೋಗಿ ಹನ್ನೊಂದು ವರ್ಷ. ಬೇರೆ ಫೋಟೋದಲ್ಲೆಲ್ಲ ಮುಖ ಗಂಟು ಹಾಕ್ಕೊಂಡಿದಾನೆ. ನಗ್ತಾ ಇರೋದು ಅದೊಂದೇ."

ಕಟ್ಟು ಸಡಿಲವಾಯಿತೆಂದು, ಹನ್ನೊಂದು ವರ್ಷದ ಹಿಂದೆ ಅದನ್ನು ಕಟ್ಟಿಕೊಟ್ಟಿದ್ದ ಫ್ರೇಮಿನಣ್ಣನ ಅಂಗಡಿಗೇ ಕೊಟ್ಟಿದ್ದರು. ಈ ದಿನ ತರಲು ಹೋದರೆ, ಕಿಟಕಿ ಒಡೆದು ಯಾರೋ ಹೊತ್ತೊಯ್ದಿದ್ದಾರೆ ಎಂದನಂತೆ.

"ಅಂಗಡಿಯವರು ಯಾಕೆ ದೂರು ಕೊಡ್ಲಿಲ್ಲ?"

"ಬೇಡ ಅಕ್ಕ, ಪೊಲೀಸರು ಏನು ಕಿಸೀತಾರೆ ಅಂದ್ರು."

"ಅದೂ ಒಂದು ಮಾತೇ," ಎಂದು ಗೊಣಗಿದ ದಫೇದಾರರು ಸಾಹೇಬರ ಮುಖ ನೋಡಿ ಎಫ್‌ಐಆರ್ ಪುಸ್ತಕ ತೆರೆದರು.

ಹತ್ತೂವರೆಗೆ ಅಂಗಡಿಯಲ್ಲಿ ಪಂಚನಾಮೆ. ಹಿಂಬದಿಯ ಕಿಟಕಿಯ ಗಾಜು ಒಡೆದಿತ್ತು. ಅದರ ಒಳಮೈಗೆ ಅಂಟಿಸಿದ್ದ ಸುದ್ದಿಪತ್ರಿಕೆಗೆ ಚೂರುಗಳು ಹಾಗೆಯೇ ಕಚ್ಚಿಕೊಂಡು ನೇತಾಡುತ್ತಿದ್ದವು. ಬಿಸಿಲು ತಡೆಯಲೆಂದು ಹೋದ ಬೇಸಿಗೆಯಲ್ಲೇ ಅಂಟಿಸಿದ್ದು ಎಂದ ಫ್ರೇಮಿನಣ್ಣ. ಬೆಳ್ಳಿ ಬಣ್ಣದ ಕಟ್ಟುಗಳು, ಎರಡು ಗಡಿಯಾರ, ಕೊರೆಯುವ ಯಂತ್ರ, ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಚೂರುಗಳನ್ನು ಕಾಗದದ ಸಮೇತ ಜಪ್ತು ಮಾಡಿದರು.

"ಇಷ್ಟೆಲ್ಲ ಬಿಟ್ಟು ಒಂದು ಹಳೇ ಫೋಟೋನ ಯಾಕ್ರೀ ಕದ್ದ?" ಇನ್‌ಸ್ಪೆಕ್ಟರಿಗೆ ತಲೆಬುಡ ತಿಳಿಯಲಿಲ್ಲ.

"ಕದ್ದು ಯಾರಿಗೆ ಮಾರ್ತಾನೆ ಸಾರ್? ಅವನಮ್ಮನಿಗೇ ಮಾರ್ಬೇಕು."

ದಫೇದಾರರು ತಮಾಷೆಗೆ ಆಡಿದ ಮಾತನ್ನೇ ಇನ್‌ಸ್ಪೆಕ್ಟರ್ ಹಿಡಿದರು. ಟೈಲರಮ್ಮನ ಅಂಗಡಿಯಲ್ಲಿ ಒಬ್ಬ ಪೇದೆ ಎರಡು ದಿನ ಕಳ್ಳನ ಫೋನಿಗೆ ಕಾದ. ಬಂದ ಕರೆಗಳೆಲ್ಲ ರವಿಕೆಯವು.

ಗುರುವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಚೂರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತರು. ಠಾಣೆಯ ಕಿಟಕಿಗೆ ಮೂರೇ ತಿಂಗಳ ಹಿಂದೆ ಅಂಟಿಸಿದ ಕಾಗದ ಬಿಸಿಲಿಗೆ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಈ ಚೂರುಗಳ ಕಾಗದ ನೋಡಿದರೆ ಹೊಸದರಂತೆ ಬೆಳ್ಳಗಿದೆ. ಇನ್ನೊಂದು ವಿಚಿತ್ರ: ಉಳಿದೆಲ್ಲ ಚೂರುಗಳ ಅಂಚೂ ಅಂಕುಡೊಂಕು, ನಡುವಿನ ಎರಡರ ಅಂಚು ಮಾತ್ರ ನೂಲು ಹಿಡಿದಷ್ಟು ನೆಟ್ಟಗೆ. ಏಕೆಂದು ಅವರಿಗೆ ಹೊಳೆಯಲಿಲ್ಲ. ಗಾಜಿನ ವಿಷಯ ಗಾಜಿನವನನ್ನೇ ಕೇಳೋಣವೆಂದು, ನೆಟ್ಟನೆಯ ಅಂಚಿನ ಒಂದು ಚೂರನ್ನು ಕಾಗದದೊಂದಿಗೇ ಎತ್ತಿಕೊಂಡು, ದಫೇದಾರರ ಜೊತೆ ಫ್ರೇಮಿನಣ್ಣನ ಅಂಗಡಿಗೆ ಹೊರಟರು.

"ಒಂದು ಗಾಜು ಕತ್ತರಿಸಿ ತೋರಿಸ್ರಿ."

ಫ್ರೇಮಿನಣ್ಣ ಹಲಗೆಯ ಮೇಲೆ ಗಾಜು ಮಲಗಿಸಿ, ಕೊರೆಯುವ ಕಡ್ಡಿಯಿಂದ ಒಂದೇ ಎಳೆತಕ್ಕೆ ಗೀಟು ಹಾಕಿದ. ಕೆಳಗಿನಿಂದ ಒಮ್ಮೆ ತಟ್ಟಿದ. ಗಾಜು ಗೀಟಿನ ಗುಂಟ ಎರಡಾಯಿತು.

"ಗೀಟು ಹಾಕದೆ ಹೊಡೆದ್ರೆ?"

"ಬಿರುಕು ಅದಕ್ಕೆ ತೋಚಿದ ಕಡೆ ಹೋಗುತ್ತೆ. ಆದ್ರೆ ಗೀಟು ಹಾಕದೆ ಗಾಜು ಒಡೆದ ಕೈಯಲ್ಲ ಸಾರ್ ಇದು. ಮೂವತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ."

ಇನ್‌ಸ್ಪೆಕ್ಟರ್ ತಮ್ಮ ಚೂರನ್ನು ಅವನ ಮುಂದಿಟ್ಟು ಕಾಗದ ಸುಲಿದರು. ನೆಟ್ಟನೆಯ ಅಂಚಿನ ಮೇಲೆ ಉಗುರು ಎಳೆದರು. ಹೊರಮೈಯ ಅಂಚು ನುಣುಪು. ಕಾಗದವಿದ್ದ ಕಡೆ ಗೀಟಿನ ತರಿತರಿ.

"ಗೀಟು ಕಾಗದದ ಅಡಿಯಲ್ಲಿದೆ. ಕಾಗದ ಒಳಮೈಯಲ್ಲಿದೆ. ಕಳ್ಳ ಒಳಗೆ ಬಂದಮೇಲೆ ಕಿಟಕಿ ಒಡೆದನೇನು?"

ಫ್ರೇಮಿನಣ್ಣ ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿದ. "ಕೈ ಕೇಳ್ಲಿಲ್ಲ ಸಾರ್," ಎಂದ. "ಕಾಗದ ಅಂಟಿಸಿದ್ದೂ ಆ ರಾತ್ರೀನೇ, ಸದ್ದಾಗದಿರ್ಲಿ ಅಂತ."

ಗಾಜಿನ ಹಾಳೆಗಳ ಹಿಂದಿನಿಂದ ಕಂಬಳಿಯಲ್ಲಿ ಸುತ್ತಿದ್ದನ್ನು ಅವನೇ ತಂದಿಟ್ಟ. ನಗುವ ಹುಡುಗ. ಫೋಟೋ ಗಾಜಿಗೆ ಮೈಯೆಲ್ಲ ಅಂಟಿತ್ತು. ಒಂದು ಮೂಲೆಯಲ್ಲಿ ಅಂಗಿಯ ತೋಳು ಹರಿದು ಬಿಳಿಯಾಗಿತ್ತು.

"ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಇಡ್ಬೇಕು. ಉಸಿರಾಡೋಕೆ ಜಾಗ. ಅವತ್ತು ಅಕ್ಕ ಅಳ್ತಾ ನಿಂತಿದ್ರು, ಬೇಗ ಕೊಡೋಣ ಅಂತ ಬಿಟ್ಬಿಟ್ಟೆ. ಈಗ ಬಿಚ್ಚಿದ್ರೆ ಮುಖ ಗಾಜಲ್ಲೇ ಉಳಿಯುತ್ತೆ. ತೋಳು ಕಿತ್ಕೊಂಡು ಬಂದಾಗ ನಿಲ್ಲಿಸ್ದೆ."

"ಹೇಳಿಬಿಡೋದಲ್ವೇನಯ್ಯ?" ದಫೇದಾರರಿಗೆ ತಡೆಯಲಾಗಲಿಲ್ಲ.

"ನನ್ನ ಗಾಜಿನ ಹಿಂದೆ ಇಟ್ಟದ್ದನ್ನ ಕಾಲನೂ ಮುಟ್ಟಲ್ಲ ಅಂದಿದ್ದೆ. ಅವರು ಅದನ್ನ ನಂಬಿದ್ರು."

ನಾಲ್ಕು ಹತ್ತಕ್ಕೆ ಬಂಧನ: ನಂಬಿಕೆ ದ್ರೋಹ, ಸುಳ್ಳು ಸಾಕ್ಷ್ಯ ಸೃಷ್ಟಿ. ಫೋಟೋ ಗುರುತಿಸಲು ಟೈಲರಮ್ಮನನ್ನು ಠಾಣೆಗೆ ಕರೆಸಿದರು. ಆಕೆ ಬಹಳ ಹೊತ್ತು ನೋಡಿದರು. ರೂಢಿಯಂತೆ ಗಾಜು ಒರೆಸಲು ಸೆರಗು ಎತ್ತಿದ ಕೈ ಅಲ್ಲೇ ನಿಂತಿತು.

"ನಾನು ದಿನಾ ಒದ್ದೆ ಬಟ್ಟೇಲಿ ಒರೆಸ್ತಿದ್ದೆ. ಸಂದಿಯಲ್ಲಿ ನೀರು ಇಳೀತಿತ್ತೋ ಏನೋ."

"ರಟ್ಟು ಇದ್ದಿದ್ರೆ ಅಂಟ್ತಿರ್ಲಿಲ್ಲ ಅಕ್ಕ. ತಪ್ಪು ನಂದೇ."

"ಸುಮ್ನಿರಪ್ಪ. ಹನ್ನೊಂದು ವರ್ಷ ಗಾಜಿನ ಮೂಲಕವೇ ನೋಡಿದೀನಿ. ಇನ್ನು ಮುಂದೆಯೂ ಅಷ್ಟೇ ತಾನೆ?" ಆಕೆ ಇನ್‌ಸ್ಪೆಕ್ಟರರತ್ತ ತಿರುಗಿದರು. "ಇದನ್ನ ಈಗ ಕೊಡ್ತೀರಾ?"

"ಕೋರ್ಟಿನಿಂದ ಆದೇಶ ಬರ್ಬೇಕಮ್ಮ. ಅಲ್ಲೀವರೆಗೆ ಜಪ್ತಿನ ಕೋಣೇಲಿ ಇರುತ್ತೆ."

"ಒದ್ದೆ ಜಾಗದಲ್ಲಿ ಇಡ್ಬೇಡಿ ಸಾರ್," ಎಂದರು, ಇಬ್ಬರೂ ಒಟ್ಟಿಗೆ.

ಜಪ್ತಿನ ಕೋಣೆಯ ಗೋಡೆ ಎಂದೂ ಒಣಗಿದ್ದಿಲ್ಲ. ಇನ್‌ಸ್ಪೆಕ್ಟರ್ ತಮ್ಮ ಬೀರುವಿನ ಮೇಲಿನ ಖಾನೆಯಿಂದ ಕಡತಗಳನ್ನು ಕೆಳಗಿಳಿಸಿ, ಅಲ್ಲಿ ಕಂಬಳಿ ಹಾಸಿ, ಹುಡುಗನನ್ನು ಅಂಗಾತ ಮಲಗಿಸಿದರು. ಆಮೇಲೆ ದಿನಚರಿ ತೆಗೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಆರೋಪಿಗೆ ಲಾಭವಿಲ್ಲ. ಕೊಟ್ಟ ಮಾತು ಒಡೆದದ್ದನ್ನು ಮುಚ್ಚಲು ಗಾಜು ಒಡೆದಿದ್ದಾನೆ.