ಏರ್ ಫಿಲ್ಟರ್ ಮೇಲಿನ ‘ಚ’

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿಚುಕುತ್ತಿದ್ದರು ಸುಂದರಮ್ಮ. ಎದುರಿಗೆ ಪಕ್ಕದ ಮನೆಯ ಸರ್ವಮಂಗಳಾ. ಇಬ್ಬರ ನಡುವೆ ಒಂದೇ ಬೋಗುಣಿ.

ಗೇಟು ದಡಾರೆಂದಿತು. ಸರ್ವಮಂಗಳಾ ಅವರ ಯಜಮಾನರು ಸದಾಶಿವಯ್ಯ ಒಳಗೆ ಬಂದರು. ಬೆಳಗ್ಗೆ ಕಾರಿನಲ್ಲಿ ಹೋದವರು ಈಗ ನಡೆದು ಬಂದಿದ್ದರು.

“ಮತ್ತೆ ನಿಂತೋಯ್ತೇನ್ರೀ?”

“ನಿಂತ್ಹೋಯ್ತು. ಕುಕ್ಕರಹಳ್ಳಿ ಕೆರೆ ಹತ್ರ. ಒಂಬತ್ತನೇ ಸಲ! ಸಿಟ್ಟು ಬಂತು, ಅಲ್ಲೇ ಬಿಟ್ಟು ಬಂದ್ಬುಟ್ಟೆ. ಆದ್ರೆ ಇವತ್ತು ಕಳ್ಳ ಸಿಕ್ಕಿಬಿದ್ದ ಕಣೇ.”

“ಯಾರು?”

“ಚಾಮಯ್ಯ.”

ಸುಂದರಮ್ಮನ ಕೈ ನಿಂತಿತು.

ಚಾಮಯ್ಯ ಹದಿನೆಂಟು ವರ್ಷದಿಂದ ಆ ಹಳೆಯ ಬಿಳಿ ಕಾರಿನ ಮೆಕ್ಯಾನಿಕ್. ಸದಾಶಿವಯ್ಯ ಬಾನೆಟ್ ಎತ್ತಿ ನೋಡಿದ್ದರಂತೆ. ಏರ್ ಫಿಲ್ಟರ್ ಡಬ್ಬಿಯ ಹಿಂಬದಿಯಲ್ಲಿ ‘ಚ’ ಎಂದು ಮೊಳೆಯಿಂದ ಕೆರೆದಿತ್ತಂತೆ.

“ಚ ಅಂದ್ರೆ ಚಾಮಯ್ಯ. ತನ್ನ ಅಂಗಡಿ ಗುಜರಿ ಡಬ್ಬಿ ನಮಗೆ ಹಾಕಿ, ನಮ್ಮ ಒಳ್ಳೇದನ್ನ ಲಪಟಾಯಿಸಿದ್ದಾನೆ. ಅದಕ್ಕೇ ಕಾರು ಕೆಟ್ಟಿರೋದು. ಆ ಕಾಗದ ಇವತ್ತೇ ಹರಿದು ಹಾಕ್ತೀನಿ.”

ಆ ಕಾಗದದ ವಿಷಯ ಸುಂದರಮ್ಮನಿಗೂ ಗೊತ್ತಿತ್ತು. ಊರಿನ ಒಂದು ತರಬೇತಿ ಸಂಸ್ಥೆಯಲ್ಲಿ ಹಳೆಯ ಗಾಡಿಗಳ ಕೆಲಸ ಕಲಿಸಲು ಚಾಮಯ್ಯನವರಿಗೆ ಕರೆ ಬಂದಿತ್ತು. ಬಹುಕಾಲದ ಗಿರಾಕಿಯೊಬ್ಬರು ಅವರ ಕೈಗುಣದ ಬಗ್ಗೆ ಬರೆದುಕೊಡಬೇಕು. ಶನಿವಾರದೊಳಗೆ ಕಾಗದ ಸಂಸ್ಥೆಗೆ ಮುಟ್ಟಬೇಕು. ಸದಾಶಿವಯ್ಯ ಬರೆದೇನೋ ಇಟ್ಟಿದ್ದರು. ಅಷ್ಟರಲ್ಲಿ ಕಾರು ಕೈಕೊಡಲು ಶುರುವಾಯಿತು. ಕಾಗದ ಇಪ್ಪತ್ತೆರಡು ದಿನದಿಂದ ಮೇಜಿನ ಮೇಲೇ ಕೂತಿತ್ತು. ಇವತ್ತು ಬುಧವಾರ.

“ನಾಳೆ ಬೆಳಗಿನವರೆಗೆ ಹರೀಬೇಡಿ” ಎಂದರು ಸುಂದರಮ್ಮ. “ಕಾರು ಮಧ್ಯಾಹ್ನ ಹೊತ್ತು ನಿಂತಿದ್ದುಂಟಾ?”

“ಇಲ್ಲ. ಬೆಳಗಿನ ಹೊತ್ತೇ.”

“ನಿಂತ ಮೇಲೆ?”

“ಹತ್ತು ನಿಮಿಷ ಸುಮ್ನಿದ್ರೆ ತಾನೇ ಸ್ಟಾರ್ಟ್ ಆಗುತ್ತೆ, ಏನೂ ಆಗೇ ಇಲ್ಲ ಅನ್ನೋ ಹಂಗೆ. ಮಳ್ಳಿ!”

ಸುಂದರಮ್ಮ ಬಸ್ ಡಿಪೋದ ಸ್ಟೋರಿನಲ್ಲಿ ಮೂವತ್ತು ವರ್ಷ ಬಿಡಿಭಾಗ ಕೊಟ್ಟು ತೆಗೆದುಕೊಂಡವರು. ಕಳ್ಳ ಸಾಮಾನು ಅವರಿಗೆ ಹೊಸದಲ್ಲ. ಆದರೆ ಗುಜರಿ ಡಬ್ಬಿ ಬೆಳಗ್ಗೆ ಕೆಟ್ಟು ಮಧ್ಯಾಹ್ನ ನೆಟ್ಟಗಾಗುವುದನ್ನು ಅವರು ಕಂಡಿರಲಿಲ್ಲ.

* * *

ಲಕ್ಷ್ಮೀಪುರಂನ ಗಲ್ಲಿಯೊಂದರಲ್ಲಿ ಚಾಮಯ್ಯನವರ ಶೆಡ್ಡು. ಅವತ್ತೇ ಸಂಜೆ ಅಲ್ಲಿಗೆ ಹೋದ ಸುಂದರಮ್ಮ ಅನುಮಾನದ ಬಗ್ಗೆ ಬಾಯಿ ಬಿಡಲಿಲ್ಲ. ಸುಮ್ಮನೆ ಸ್ಟೂಲಿನ ಮೇಲೆ ಕೂತರು.

“ಏನಕ್ಕಾ, ಈ ಕಡೆ? ನಿಮಗೆ ಕಾರಿಲ್ಲ, ಸ್ಕೂಟ್ರಿಲ್ಲ. ಮಂಡಿ ರಿಪೇರಿ ನಾನು ಮಾಡಾಕಿಲ್ಲ.”

“ಮಾಡಿದ್ರೂ ನಿಮ್ಮ ಕೈಗೆ ಕೊಡ್ತಿರಲಿಲ್ಲ ಬಿಡಿ.”

ಚಾಮಯ್ಯ ನಕ್ಕರು. ಮತ್ತೆ ದನಿ ತಗ್ಗಿಸಿದರು. “ಅಯ್ಯನೋರು ಕಾಗದ ಕಳಿಸಿದ್ರಾ ಅಕ್ಕ? ಕೇಳಾಕೆ ನನಗೆ ನಾಚಿಕೆ. ಈ ಬೆನ್ನು ಇಟ್ಕೊಂಡು ಇನ್ನು ಗಾಡಿ ಅಡಿ ಮಲಗಾಕಾಗಲ್ಲ. ನಿಂತ್ಕೊಂಡು ಏಳ್ಕೊಡೋದಾದ್ರೆ ಇನ್ನೂ ಹತ್ತು ವರ್ಷ ಮಾಡ್ತೀನಿ.”

ಸುಂದರಮ್ಮನ ಕಣ್ಣು ಗೋಡೆಯ ಮೇಲಿತ್ತು. ಸ್ಪ್ಯಾನರು, ಜಾಕು, ಹಳೆಯ ಡಬ್ಬಿಗಳು. ಪ್ರತಿಯೊಂದರ ಮೇಲೂ ಹಸಿರು ಬಣ್ಣದ ಒಂದು ಬೊಟ್ಟು.

“ಇದೇನು, ಎಲ್ಲಕ್ಕೂ ದೃಷ್ಟಿಬೊಟ್ಟು?”

“ನಮ್ಮ ಅಂಗಡಿ ಗುರುತು ಕಣಕ್ಕ. ಹಸಿರು ಇದ್ರೆ ನಂದು. ಇಲ್ದಿದ್ರೆ ಬೇರೆಯವರದ್ದು.”

ಸುಂದರಮ್ಮ ಎದ್ದರು. ಇವರು ತಮ್ಮ ಸಾಮಾನಿಗೆ ಗುರುತೆಂದು ಅಕ್ಷರ ಕೆರೆಯುವುದಿಲ್ಲ. ಹಾಗಾದರೆ ಆ ‘ಚ’ ಯಾರದು?

* * *

ಮರುದಿನ ಬೆಳಗ್ಗೆ ಆರೂವರೆ. ಮಂಜು ರಸ್ತೆಗೆ ಇಳಿದಿತ್ತು. ಕೆರೆ ಹತ್ತಿರ ಬಿಟ್ಟಿದ್ದ ಕಾರನ್ನು ಸದಾಶಿವಯ್ಯ ಹಿಂದಿನ ಸಂಜೆಯೇ ಮನೆಗೆ ತಂದಿದ್ದರು. ಈಗ ಅವರು ಚಾಲಕರ ಸೀಟಿನಲ್ಲಿ, ಪಕ್ಕದಲ್ಲಿ ಸುಂದರಮ್ಮ, ಹಿಂದೆ ಶಾಲು ಹೊದ್ದ ಸರ್ವಮಂಗಳಾ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಜಯಲಕ್ಷ್ಮಿಪುರಂ ದಾಟಿತು. ಕೆರೆಯ ಏರಿ ಹತ್ತಿರವಾಗುತ್ತಿದ್ದಂತೆ ಎಂಜಿನ್ ಉಸಿರು ಕಟ್ಟಿದಂತೆ ಕೆಮ್ಮಿತು. ನಿಂತಿತು.

“ನೋಡಿದ್ರಾ!”

“ಬಾನೆಟ್ ಎತ್ತಿ. ಈಗಲೇ!”

ಸುಂದರಮ್ಮ ಕೆಳಗಿಳಿದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ನಡುವಿಗೆ ಬೆರಳಿಟ್ಟರು. ಥಟ್ಟನೆ ತೆಗೆದರು.

“ಸುಟ್ಟಿತಾ?” ಎಂದರು ಸರ್ವಮಂಗಳಾ.

“ಕೊರೀತು. ಮುಟ್ಟಿ ನೋಡಿ.”

ಸುತ್ತ ಎಂಜಿನ್ ಬಿಸಿ. ಅದರ ನಡುವೆ ಕಾರ್ಬೊರೇಟರಿನ ಮೇಲೆ ಮಾತ್ರ ಬೆಳ್ಳಗೆ ಹಿಮ ಕಟ್ಟಿತ್ತು. ಅವರು ನೋಡುತ್ತಿದ್ದಂತೆಯೇ ಅದು ಕರಗಿ ತೊಟ್ಟಿಕ್ಕತೊಡಗಿತು.

“ಇವನೇ ಕಳ್ಳ” ಎಂದರು ಸುಂದರಮ್ಮ. “ಪೆಟ್ರೋಲು ಅಂಗೈಗೆ ಬಿದ್ರೆ ತಣ್ಣಗಾಗಲ್ವಾ? ಒಳಗೂ ಹಾಗೇ, ಆವಿಯಾಗ್ತಾ ಶಾಖ ಎಳ್ಕೊಳ್ಳುತ್ತೆ. ಕೆರೆಯ ತೇವದ ಗಾಳಿ ಒಳಗೆ ಹೋಗಿ ಮಂಜುಗಡ್ಡೆ ಕಟ್ಟುತ್ತೆ. ಗಾಳಿದಾರಿ ಮುಚ್ಚುತ್ತೆ, ಎಂಜಿನ್ ನಿಲ್ಲುತ್ತೆ. ಹತ್ತು ನಿಮಿಷಕ್ಕೆ ಎಂಜಿನ್ ಬಿಸಿಗೆ ಎಲ್ಲಾ ಕರಗಿ, ಸಾಕ್ಷಿಯೇ ಉಳಿಯಲ್ಲ.”

“ಹೋದ ಚಳಿಗಾಲದಲ್ಲಿ ಯಾಕೆ ನಿಲ್ಲಲಿಲ್ಲ?” ಸದಾಶಿವಯ್ಯ ಸೋಲಲು ಸಿದ್ಧರಿರಲಿಲ್ಲ. “ಡಬ್ಬಿ ಬದಲಾಗಿದೆ, ಅದಕ್ಕೆ!”

ಸುಂದರಮ್ಮ ಡಬ್ಬಿಯನ್ನೇ ದಿಟ್ಟಿಸಿದರು. ಹಿಂಬದಿಯಲ್ಲಿ ‘ಚ’. ಮುಂಬದಿಯಲ್ಲಿ ಆಯುಧಪೂಜೆಯ ಗಂಧ ಕುಂಕುಮ ಒಣಗಿ ಹೆಪ್ಪುಗಟ್ಟಿತ್ತು. ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದರು. ಅದರಡಿ ಇನ್ನೊಂದು ಅಕ್ಷರ ಬಂತು. ‘ಬೇ’.

ಫೋನು ತೆಗೆದು ಸ್ಪೀಕರಿಗೆ ಹಾಕಿದರು. “ಚಾಮಯ್ಯನೋರೇ, ಅಯ್ಯನೋರ ಕಾರಲ್ಲಿ ‘ಚ’ ಅಂತ ಕೆರೆದೋರು ಯಾರು?”

“ನಾನೇ ಕಣಕ್ಕ. ಹಳೇ ಗುರುತು ಅಳಿಸೋಗಿತ್ತು. ‘ಚ’ ಅಂದ್ರೆ ಚಳಿ, ‘ಬೇ’ ಅಂದ್ರೆ ಬೇಸಿಗೆ. ಯಾವುದು ಮುಂದಕ್ಕಿರ್ತದೋ ಆ ಕಾಲ. ಚಳೀಲಿ ಡಬ್ಬಿಯ ಗಾಳಿ ಕುಡಿಯೋ ಮೂತಿ ಹೊಗೆಕೊಳವೆ ಕಡೆ ಇರ್ಬೇಕು, ಬಿಸಿ ಗಾಳಿ ಎಳೀತದೆ. ಈ ಸಲ ದಸರಾಕ್ಕೆ ಮುಂಚೇನೇ ತಿರುಗಿಸಿ ಕೊಟ್ಟಿದ್ದೆ. ಅಯ್ಯನೋರಿಗೂ ಏಳಿದ್ದೆ. ಫೋನಲ್ಲಿದ್ರು, ಊಂ ಅಂದ್ರು.”

ಸುಂದರಮ್ಮ ಫೋನು ಇಟ್ಟರು. ಈಗ ‘ಬೇ’ ಮುಂದಿದೆ. ಮೂತಿ ತಣ್ಣನೆಯ ಗಾಳಿಗೆ ಬಾಯಿ ತೆರೆದಿದೆ.

“ದಸರಾ ಆದ ಮೇಲೆ ಈ ಬಾನೆಟ್ ಒಳಗೆ ಕೈ ಹಾಕಿದೋರು ಯಾರು, ಸದಾಶಿವಯ್ಯನೋರೆ?”



“ಪೂಜೆ ದಿನ ಇವರೇ” ಎಂದರು ಸರ್ವಮಂಗಳಾ. “ಕನ್ನಡಕ ಇಲ್ದೆ, ಅರ್ಧ ಗಂಟೆ.”

“ಮತ್ತೆ? ಕಾರು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಇದರ ಬಾಯಿ ನೋಡಿದ್ರೆ ದಕ್ಷಿಣಕ್ಕೆ! ಯಮನ ದಿಕ್ಕಿಗೆ ಬಾಯಿ ತೆರ್ಕೊಂಡಿರೋದಕ್ಕೆ ಕುಂಕುಮ ಇಡ್ತಾರೇನ್ರೀ? ತಿರುಪು ಸಡಿಲಿಸಿ ಉತ್ತರಕ್ಕೆ…”

ಅವರ ಮಾತು ಅಲ್ಲಿಗೇ ನಿಂತಿತು, ಕಾರು ನಿಂತಂತೆಯೇ.

ಸರ್ವಮಂಗಳಾ ಶಾಲಿನಲ್ಲಿ ಮುಖ ಮುಚ್ಚಿ ನಕ್ಕರು. “ಯಮನಿಂದ ಕಾರನ್ನ ಉಳಿಸಿದ್ರಿ. ಚಾಮಯ್ಯನ್ನ ಕಳ್ಳ ಮಾಡಿದ್ರಿ.”

ಸದಾಶಿವಯ್ಯ ತಾವೇ ತಿರುಪು ಸಡಿಲಿಸಿದರು. ಮೂತಿ ಮತ್ತೆ ಬಿಸಿ ಹೊಗೆಕೊಳವೆಯ ಕಡೆ ಹೋಯಿತು. ‘ಚ’ ಮುಂದೆ ಬಂತು.

* * *

ಹತ್ತು ಗಂಟೆಗೆ ಮೇಜಿನ ಮುಂದೆ ಕೂತ ಸದಾಶಿವಯ್ಯ ಹಳೆಯ ತಾರೀಖು ಹೊಡೆದು ಹಾಕಿ ಇವತ್ತಿನದು ಬರೆದರು. ಪೆನ್ನು ಅಲ್ಲೇ ತಡೆಯಿತು.

“ನಾನು ಅನುಮಾನಪಟ್ಟಿದ್ದನ್ನೂ ಇದರಲ್ಲಿ ಬರೆದುಬಿಡಲಾ, ಸುಂದರಮ್ಮನೋರೆ?”

“ಅದು ಸಂಸ್ಥೆಯವರಿಗ್ಯಾಕೆ? ಶೆಡ್ಡಿಗೆ ಹೋಗಿ ಬಾಯಲ್ಲಿ ಹೇಳಿ. ಇಲ್ಲಿ ಅವರ ಕೆಲಸದ ಬಗ್ಗೆ ಬರೀರಿ.”

ಅವರು ಯೋಚಿಸಿ ಕೊನೆಗೊಂದು ಸಾಲು ಸೇರಿಸಿದರು: ‘ಇವರು ಮಾಡಿದ ಕೆಲಸವನ್ನು ನಾನು ಕೈಯಾರೆ ಕೆಡಿಸಿದ್ದೇನೆ, ಅವರು ಕೆಡಿಸಿದ್ದು ಈ ಹದಿನೆಂಟು ವರ್ಷದಲ್ಲಿ ಒಂದೂ ಇಲ್ಲ.’

ಅಂಚೆ ಕಚೇರಿಯ ಕಿಟಕಿಯಲ್ಲಿ ಲಕೋಟೆ ಒಳಗೆ ಹೋಯಿತು.

“ನಾಳೆ ಮುಟ್ಟುತ್ತಾ ಅಮ್ಮಾ?”

“ಊರೊಳಗೇ ಅಲ್ವಾ ಸಾರ್, ಮುಟ್ಟುತ್ತೆ” ಎಂದು ಒಳಗಿದ್ದ ಹುಡುಗಿ ಠಸ್ಸೆ ಒತ್ತಿದಳು.