ಎಡಗೈ ಮೊದಲು

"ಎಡಗೈ ಮೊದಲು," ಎಂದಳು ನೀಲಾ.

ಆಸ್ಪತ್ರೆಯ ಮೇಜಿನಾಚೆ ಕೂತಿದ್ದ ಚನ್ನಕೇಶವ ತಲೆ ಎತ್ತಿದ. ಅವನು ತೊಟ್ಟಿದ್ದ ಬಿಳಿ ಕೋಟು ಯಾರಿಂದಲೋ ಎರವಲು ತಂದಂತಿತ್ತು, ತೋಳು ಬೆರಳಿನ ತನಕ ಇಳಿದಿತ್ತು. ಕಣ್ಣು ಮಾತ್ರ ಅವನದೇ. ಎದುರಿಗಿರುವವರು ಹೇಳಿ ಮುಗಿಸುವ ತನಕ ಎಲ್ಲಿಗೂ ಹೋಗದ ಕಣ್ಣು.

"ನೀವು ಎಡಚರಾ?"

"ಅಲ್ಲ."

"ಮತ್ತೆ ಯಾಕೆ? ಉಣ್ಣೋದು, ಬರೆಯೋದು, ತಲೆ ಬಾಚೋದು, ಎಲ್ಲಾ ಬಲಗೈಲೇ ತಾನೆ?"

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕಿಟಕಿಯ ಹೊರಗೆ ಹೊಂಗೆಮರ, ಅದರಾಚೆ ರಾಜಾಜಿನಗರದ ಕಾರ್ಖಾನೆಗಳ ಸೈರನ್ನು.

ಶ್ರಾವಣದ ಒಂದು ಬೆಳಿಗ್ಗೆ ಸೀಮೆಎಣ್ಣೆ ಸ್ಟವ್ ಭಗ್ಗೆಂದು ಉರಿದು ಅಜ್ಜಿ ಬಸವ್ವನ ಸೆರಗಿಗೆ ಹತ್ತಿಕೊಂಡಿತ್ತು. ನೀಲಾ ಹಿಂದುಮುಂದು ನೋಡದೆ ಉರಿಯುವ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಹಿಸುಕಿದ್ದಳು. ಅಜ್ಜಿಗೆ ಒಂದು ಬೊಬ್ಬೆಯೂ ಏಳಲಿಲ್ಲ. ಇವಳ ಅಂಗೈಗಳು ಬೆಂದುಹೋದವು. ಗಾಯವೇನೋ ಮಾಗಿತು, ಆದರೆ ಮಾಗುತ್ತ ಮಾಗುತ್ತ ಚರ್ಮ ಬೆರಳುಗಳನ್ನು ಒಳಕ್ಕೆ ಎಳೆದುಕೊಂಡಿತು. ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಅಷ್ಟಿಷ್ಟು ಆಡುತ್ತಿದ್ದವು. ಎಡಗೈ ಮುಷ್ಟಿಯಾಗಿ ಮುಚ್ಚಿತ್ತು.

ಮುದುಡಿದ ಚರ್ಮವನ್ನು ಬಿಡಿಸಿ, ತೊಡೆಯ ಚರ್ಮ ಅಲ್ಲಿ ಕೂರಿಸುತ್ತೇನೆ ಎಂದಿದ್ದರು ಡಾಕ್ಟರ್ ಜಗನ್ನಾಥ. ಆದರೆ ಒಂದು ಸಲಕ್ಕೆ ಒಂದೇ ಕೈ, ಇನ್ನೊಂದು ಎಷ್ಟೋ ತಿಂಗಳ ನಂತರ. ತಡವಾದಷ್ಟೂ ಕೀಲು ಬಿಗಿಯುತ್ತದೆ, ಕೊನೆಗೆ ಉಳಿಯುವ ಕೈ ಪೂರ್ತಿ ತೆರೆಯುತ್ತದೆಂಬ ಭರವಸೆ ಇಲ್ಲ ಎಂದೂ ಹೇಳಿದ್ದರು. ಸುಟ್ಟುಕೊಂಡವರ ದೇಹದ ಜೊತೆ ಮನಸ್ಸು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬ ಸಂಶೋಧನೆ ಅವರದು. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದ ಚನ್ನಕೇಶವ ಅವರ ಸಹಾಯಕ. ಬೆಂಗಳೂರಿನ ಅಂಚಿನ ಉಲ್ಲಾಳದ ರೈತರ ಮನೆಯ ಹುಡುಗ, ದಿನಾ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದ.

ನಿದ್ದೆ ಬರುತ್ತದಾ, ಬೆಂಕಿಯ ಕನಸು ಬೀಳುತ್ತದಾ, ಕನ್ನಡಿ ನೋಡುತ್ತೀರಾ ಎಂದೆಲ್ಲ ಅವನು ಕೇಳಿ, ಒಂದೊಂದು ಉತ್ತರಕ್ಕೂ ಹಾಳೆಯಲ್ಲಿ ಮಾರ್ಕ್ಸ್ ಹಾಕಿಕೊಂಡ. ಅವಳು ನಿಜವನ್ನೇ ಹೇಳಿದಳು. ಕೊನೆಗೆ, ಕೈ ವಾಸಿಯಾದ ಮೇಲೆ ಮೊದಲು ಏನು ಮಾಡಬೇಕೆಂದು ಆಸೆ ಎಂದು ಕೇಳಿದ. ಬೇರೆಯವರು ಮುದ್ದೆ ಮುರಿಯಬೇಕು, ಮಗು ಎತ್ತಿಕೊಳ್ಳಬೇಕು ಎಂದೆಲ್ಲ ಹೇಳುತ್ತಾರಂತೆ. ನೀಲಾ ಹೊಂಗೆಮರದತ್ತ ತಿರುಗಿದಳು. ಎದೆಯ ಮೇಲೆ, ಕುಪ್ಪಸದೊಳಗೆ, ಆಸೆ ಬೆಚ್ಚಗೆ ಕೂತಿತ್ತು. ಅದನ್ನು ಆಸ್ಪತ್ರೆಯ ಮೇಜಿನ ಮೇಲೆ ಇಡುವುದು ಹೇಗೆ?

ಮುಂದಿನ ವಾರ ಡಾಕ್ಟರು ಅವಳ ತಂದೆ ಏಕಾಂತಯ್ಯನವರನ್ನು ಕರೆಸಿ ಹೇಳಿದರು. ಬಲಗೈಯೇ ಮೊದಲು ಎಂದು ತೀರ್ಮಾನವಾಗಿದೆ, ಹುಡುಗಿಗೆ ಮತ್ತೆ ಟೈಪಿಸ್ಟ್ ಕೆಲಸಕ್ಕೆ ಹೋಗಲು ಒಳಗೊಳಗೇ ಭಯ, ಅದಕ್ಕೇ ಎಡಗೈ ಎಂದು ಹಟ ಹಿಡಿದಿದ್ದಾಳೆ, ಚನ್ನಕೇಶವನ ಅಭಿಪ್ರಾಯವೂ ಅದೇ. ನೀಲಾ ಗೋಡೆಗೆ ಒರಗಿ ಕೇಳಿಸಿಕೊಂಡಳು. ಅಷ್ಟು ಒಳ್ಳೆಯ ಕಣ್ಣಿಗೆ ಇಷ್ಟೇನಾ ಕಂಡದ್ದು ಅನಿಸಿತು. ಅಂದು ಅವಳು ಡಾಕ್ಟರ ಪಕ್ಕ ನಿಂತಿದ್ದ ಅವನತ್ತ ನೋಡದೆ ಹೊರಟುಬಿಟ್ಟಳು.

ಕಾರ್ತೀಕದ ಒಂದು ಬೆಳಿಗ್ಗೆ ಅವನು ಮನೆಗೆ ಬಂದ. ರೋಗಿಯ ಮನೆ ನೋಡುವುದೂ ಸಂಶೋಧನೆಯ ಭಾಗವಂತೆ. ಬೀದಿಯಲ್ಲಿನ್ನೂ ಮಂಜಿತ್ತು. ಏಕಾಂತಯ್ಯನವರು ಪಾಳಿ ಮುಗಿಸಿ ಬಂದಿರಲಿಲ್ಲ. ತೆರೆದ ಬಾಗಿಲಲ್ಲಿ ನಿಂತವನು ಕರೆಯಲು ಬಾಯಿ ತೆರೆದು, ಹಾಗೆಯೇ ನಿಂತ.

ಒಳಗೆ ಬಸವ್ವ ಪೂಜೆಗೆ ಕೂತಿದ್ದಳು. ಹಣೆ ತುಂಬ ವಿಭೂತಿ, ಎದೆಯ ಮಟ್ಟಕ್ಕೆ ಎತ್ತಿದ ಎಡ ಅಂಗೈ, ಅದರ ನಡುವೆ ಇಷ್ಟಲಿಂಗ. ಮುದುಕಿಯ ದೃಷ್ಟಿ ಅದರಲ್ಲೇ ನೆಟ್ಟಿತ್ತು. ಪಕ್ಕದಲ್ಲಿ ನೀಲಾ, ಮಿಂದ ಕೂದಲಿನಿಂದ ನೀರು ತೊಟ್ಟಿಕ್ಕುತ್ತ, ತನ್ನ ಮುಚ್ಚಿದ ಎಡಗೈಯನ್ನು ಅದೇ ಎತ್ತರಕ್ಕೆ ಹಿಡಿದುಕೊಂಡು ಕೂತಿದ್ದಳು. ಅವಳ ಲಿಂಗ ಕೊರಳಲ್ಲೇ, ಬಟ್ಟೆಯ ಗಂಟಿನೊಳಗೇ ಇತ್ತು.

ಅವಳು ತಿರುಗಿದಾಗ ಅವನ ಮುಖ ಕಂಡಿತು. ಯಾರೋ ದೀಪವನ್ನು ಹತ್ತಿರ ತಂದಂತೆ ಆ ಮುಖದ ಮೇಲೆ ನಿಧಾನವಾಗಿ ಏನೋ ಬೆಳಗಿತು, ಆಮೇಲೆ ನಾಚಿಕೆಯಿಂದ ಕೆಂಪಾಯಿತು.

ಪೂಜೆ ಮುಗಿಸಿದ ಬಸವ್ವ ಅವನನ್ನು ಕೂರಿಸಿ ಕಾಫಿ ಕೊಟ್ಟಳು. "ನೋಡು ತಮ್ಮ, ನಮಗೆ ಗುಡಿ ಇಲ್ಲ. ಎಡ ಅಂಗೈನೇ ಗುಡಿ. ಇವಳದು ನನ್ನಿಂದಾಗಿ ಬಾಗಿಲು ಹಾಕ್ಕೊಂಡಿದೆ."

"ನಂಗೆ ಗೊತ್ತಿರ್ಲಿಲ್ಲ ಅಜ್ಜಿ. ನಮ್ಮನೇಲಿ ದೇವರು ಗೂಡಲ್ಲಿರ್ತಾನೆ." ಆಮೇಲೆ ನೀಲಾಳ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ: "ಯಾಕೆ ಹೇಳ್ಲಿಲ್ಲ ನೀವು?"

"ನೀವು ಅದಕ್ಕೂ ಮಾರ್ಕ್ಸ್ ಹಾಕ್ತೀರೇನೋ ಅಂತ."

ಅವನು ನಕ್ಕ. ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇಳುವುದನ್ನು ಅವಳು ಆಗ ಗಮನಿಸಿದಳು. ಗಮನಿಸಬಾರದಿತ್ತು.

ಆ ವಾರವೇ ಅವನು ಡಾಕ್ಟರ ಮುಂದೆ ನಿಂತು, ತಪ್ಪು ತನ್ನದೇ, ನಮ್ಮ ಲೆಕ್ಕದಲ್ಲಿ ಕೈ ಅಂದರೆ ಬರೀ ಕೆಲಸ ಎಂದು ವಾದಿಸಿದನಂತೆ. ಬಲಗೈಯ ಎರಡು ಬೆರಳು ವಿಭೂತಿ ಹಚ್ಚಲು, ಹೂವಿಡಲು ಸಾಕು, ಅವಳಿಗೆ ಬೇಕಾದ್ದು ತೆರೆದ ಎಡಗೈ ಎಂದನಂತೆ. ನರ್ಸ್ ಕಮಲಾಕ್ಷಮ್ಮ ಇದನ್ನು ಹೇಳುವಾಗ ಅವಳ ಮುಖವನ್ನೇ ನೋಡುತ್ತಿದ್ದರು. ನೀಲಾ ಕಾರಣವಿಲ್ಲದೆ ಜಡೆ ಮುಂದಕ್ಕೆ ಹಾಕಿಕೊಂಡಳು.

ಸಂಕ್ರಾಂತಿಗೆ ಮುಂಚೆ ಎಡಗೈಯ ಆಪರೇಷನ್ ಆಯಿತು.

ಹೊಸ ಚರ್ಮ ಹಿಡಿದ ಮೇಲೆ ಶುರುವಾದದ್ದೇ ನಿಜವಾದ ನೋವು. ಬಿಸಿ ಮೇಣದಲ್ಲಿ ಕೈ ಅದ್ದಿ, ಕೊಬ್ಬರಿ ಎಣ್ಣೆ ನೀವಿ, ಒಂದೊಂದೇ ಬೆರಳನ್ನು ಹಿಂದಕ್ಕೆ ಬಾಗಿಸಿ ಹಿಡಿಯಬೇಕು. ಬಿಟ್ಟರೆ ಚರ್ಮ ಮತ್ತೆ ಮುದುಡುತ್ತದೆ. ಕಮಲಾಕ್ಷಮ್ಮ ಬೆರಳು ಹಿಡಿಯುತ್ತಿದ್ದರು, ಚನ್ನಕೇಶವ ಗಡಿಯಾರ ನೋಡಿ ಸೆಕೆಂಡು ಎಣಿಸುತ್ತಿದ್ದ. ಎಣಿಕೆ ಕೇಳುತ್ತಲೇ ಅವಳ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು.

"ಎಣಿಸೋದು ಬೇಡ," ಎಂದಳು ಒಂದು ದಿನ, ಕಣ್ಣು ಮುಚ್ಚಿಯೇ. "ನಾನು ವಚನ ಹೇಳ್ತೀನಿ. ಅದು ಮುಗಿಯೋವರೆಗೂ ಹಿಡೀರಿ."

ಮನೆಯಲ್ಲಿ ದಿನಾ ಸಂಜೆ ತಂದೆಯ ಬಾಯಿಂದ ಕೇಳಿ ಕೇಳಿ ಅವಳ ಉಸಿರಲ್ಲೇ ಸೇರಿಹೋಗಿದ್ದ ಮಾತುಗಳು. ಒಂದೊಂದು ಸಾಲು ಬಿಚ್ಚಿದಂತೆ ಒಂದೊಂದು ಬೆರಳು ಬಿಚ್ಚಿತು. ನೋವು ಎಲ್ಲಿಗೂ ಹೋಗಲಿಲ್ಲ, ಆದರೆ ಮಾತಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿತು. ಕಣ್ಣು ತೆರೆದರೆ ಅವನು ಗಡಿಯಾರ ನೋಡುವುದನ್ನೇ ಮರೆತಿದ್ದ.

ಕೆಲವೇ ದಿನಗಳಲ್ಲಿ ಅವನೂ ಜೊತೆಗೆ ಹೇಳತೊಡಗಿದ. ಸೈಕಲ್ ಮೇಲೆ ಬರುವಾಗ ಬಾಯಿಪಾಠ ಮಾಡುತ್ತಾನಂತೆ. ಮಗನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಅವನ ತಾಯಿ ದೃಷ್ಟಿ ತೆಗೆದರಂತೆ. ಅವನು ಸಾಲು ತಪ್ಪಿದಾಗ ಅವಳು ನೋವಿನ ನಡುವೆಯೇ ನಗುವಳು.

"ಬೇಕಂತಲೇ ತಪ್ಪಿಸ್ತೀರಾ?"

"ನೀವು ತಿದ್ದೋದು ಚೆನ್ನಾಗಿರುತ್ತೆ," ಎಂದ ಅವನು. ಹೇಳಿದ ಮೇಲೆ ಕಿವಿ ಕೆಂಪಾಯಿತು. ಕಮಲಾಕ್ಷಮ್ಮ ಎಣ್ಣೆ ಬಟ್ಟಲಿನಲ್ಲಿ ಏನನ್ನೋ ಹುಡುಕತೊಡಗಿದರು.

ವಾರಕ್ಕೊಮ್ಮೆ ಅಳತೆ. ಕೈಯನ್ನು ಅಂಗಾತ ಮೇಜಿನ ಮೇಲಿಟ್ಟು, ಉಗುರಿಗೂ ಮೇಜಿಗೂ ನಡುವೆ ಉಳಿದ ಅಂತರವನ್ನು ಅವನು ಸ್ಕೇಲಿನಿಂದ ನೋಡುತ್ತಿದ್ದ. ಅವನು ಬಗ್ಗಿದಾಗ ಅವನ ಉಸಿರು ಹೊಸ ಚರ್ಮಕ್ಕೆ ತಾಗುತ್ತಿತ್ತು. ಅಲ್ಲಿ ಸ್ಪರ್ಶ ಇನ್ನೂ ಮರಳಿಲ್ಲ ಎನ್ನುತ್ತಿದ್ದರು ಡಾಕ್ಟರು. ಅವರಿಗೆ ಎಲ್ಲವೂ ಗೊತ್ತಿರಲಿಲ್ಲ.

ಹೊಂಗೆ ಚಿಗುರುವ ಹೊತ್ತಿಗೆ ಅವನು ಬರುವುದು ನಿಂತಿತು. ಬದಲಿಗೆ ಬೇರೊಬ್ಬರು ಬಂದು ಸ್ಕೇಲು ಹಿಡಿದರು. ತಾನೇ ಕೇಳಿಕೊಂಡು ಬೇರೆ ರೋಗಿಗಳನ್ನು ತೆಗೆದುಕೊಂಡಿದ್ದಾನೆ, ಅಷ್ಟೇ ಗೊತ್ತು ಎಂದರು ಕಮಲಾಕ್ಷಮ್ಮ. ಮನೆಗೆ ಬಂದು ನೀಲಾ ಅಂಗೈ ನೋಡಿಕೊಂಡಳು. ತೇಪೆ ಹಾಕಿದ, ಎರಡು ಬಣ್ಣದ, ಅಂಚಿನಲ್ಲಿ ಗಂಟುಗಂಟಾದ ಚರ್ಮ. ದಿನಾ ನೋಡಿ ನೋಡಿ ಅವನಿಗೆ ಸಾಕಾಗಿರಬೇಕು. ಆ ಸಂಜೆ ಅವಳು ಎಣ್ಣೆ ಹಚ್ಚಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಬೆರಳುಗಳು ಮತ್ತೆ ಒಳಕ್ಕೆ ಬಾಗತೊಡಗಿದವು.

ಬಸವ್ವ ಬೈಯಲಿಲ್ಲ. ಮೊಮ್ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಯಾರ ಮೇಲಿನ ಸಿಟ್ಟನ್ನ ಯಾರ ಮೇಲೆ ತೀರಿಸ್ತಿದ್ದೀಯೇ?" ಎಂದು ಮಾತ್ರ ಕೇಳಿದಳು.

ಮರುಬೆಳಿಗ್ಗೆ ನೀಲಾ ಒಬ್ಬಳೇ ಆಸ್ಪತ್ರೆಗೆ ನಡೆದಳು. ಅವನು ಸೈಕಲ್ ಸ್ಟ್ಯಾಂಡಿನಲ್ಲಿದ್ದ. ಅವಳನ್ನು ಕಂಡು ಸೈಕಲ್ಲಿನ ಬೀಗ ಹಾಕಲು ಹೋಗಿ ಕೀಲಿ ಬೀಳಿಸಿದ.

"ನನ್ನ ಕೈ ನೋಡೋಕೆ ನಿಮಗೆ ಅಸಹ್ಯ ಆಯ್ತಾ?" ಎಂದಳು. ಅಳಬಾರದೆಂದು ದಾರಿಯುದ್ದಕ್ಕೂ ತೀರ್ಮಾನಿಸಿಕೊಂಡು ಬಂದಿದ್ದಳು.

ಅವನು ಕೀಲಿ ಹೆಕ್ಕಲಿಲ್ಲ. "ಕೊನೇ ಸಲ ಅಳೆದಾಗ ನಿಮ್ಮ ಬೆರಳು ಮೇಜು ಮುಟ್ಟಿತ್ತು ಅಂತ ನಾನು ಬರೆದೆ. ಡಾಕ್ಟರು ಅನುಮಾನ ಬಂದು ಮತ್ತೆ ಅಳೆದ್ರು. ಮುಟ್ಟಿರ್ಲಿಲ್ಲ. ಎರಡು ಬೆರಳು ತೂರೋ ಅಷ್ಟು ಅಂತರ ಇತ್ತು." ಅವನ ದನಿ ಇನ್ನೂ ತಗ್ಗಿತು. "ನಾನು ಸುಳ್ಳು ಬರೀಲಿಲ್ಲ. ನಂಗೆ ಹಾಗೇ ಕಾಣಿಸ್ತು. ನಿಮ್ಮ ಬೆರಳು ಒಂಚೂರು ತೆರೆದ್ರೂ ನಂಗೆ ಪೂರ್ತಿ ತೆರೆದ ಹಾಗೆ ಕಾಣುತ್ತೆ. ಇಂಥ ಕಣ್ಣು ಸಂಶೋಧನೆಗೆ ಬರಲ್ಲ ಅಂತ ನಾನೇ ಬಿಟ್ಟೆ."

ಹೊಂಗೆಯ ಎಳೆ ಎಲೆಗಳ ನಡುವೆ ಬಿಸಿಲು ಅಲುಗಿತು. ಅವಳು ಅವನ ಶರ್ಟಿನ ಗುಂಡಿಯನ್ನೇ ನೋಡುತ್ತ ಕೇಳಿದಳು.

"ಮತ್ತೆ ಯಾವುದಕ್ಕೆ ಬರುತ್ತೆ, ಇಂಥ ಕಣ್ಣು?"

ಅವನು ಬಾಯಿ ತೆರೆದ.

"ಈಗ ಬೇಡ," ಎಂದಳು ಬೇಗನೆ. "ಈ ಕೈಲಿ ಮೊದಲು ಶಿವ ಕೂರ್ಬೇಕು. ಅಲ್ಲಿವರೆಗೂ ನೀವು ಏನೂ ಕೇಳ್ಬೇಡಿ, ನಾನೂ ಏನೂ ಹೇಳಲ್ಲ. ಕಾಯ್ತೀರಾ?"

"ವಚನ ಹೇಳ್ಕೊಂಡು ಕಾಯ್ತೀನಿ."

"ತಪ್ಪಿಲ್ಲದೆ ಹೇಳಿ, ಆಯ್ತಾ?"

ಅಂದಿನಿಂದ ಅವಳು ಒಂದು ಹೊತ್ತೂ ಬಿಡಲಿಲ್ಲ. ಮೇಣ, ಎಣ್ಣೆ, ಬಸವ್ವನ ಗಟ್ಟಿ ಹಿಡಿತ. ಮಲಗುವಾಗ ಅಂಗೈಯನ್ನು ಹಲಗೆಗೆ ಕಟ್ಟಿಕೊಂಡಳು. ಅಂಚು ಬಿರಿದು ರಕ್ತ ಜಿನುಗಿದ ದಿನವೂ ವಚನದ ಮಧ್ಯೆ ನಿಲ್ಲಿಸಲಿಲ್ಲ. ಅವನು ಆಗಾಗ ಬೀದಿಯಲ್ಲಿ ಹಾದುಹೋಗುವನು, ಗೇಟಿನ ಮುಂದೆ ಗಂಟೆ ಬಾರಿಸದೆ ಸೈಕಲ್ ನಿಧಾನಿಸುವನು, ನೋಡುವನು, ಹೋಗುವನು. ಆ ನೋಟವನ್ನು ಅವಳು ದಿನವಿಡೀ ಮಡಿಲಲ್ಲಿ ಇಟ್ಟುಕೊಂಡಿರುವಳು.

ಮತ್ತೆ ಶ್ರಾವಣ ಬಂತು. ಒಂದು ಸೋಮವಾರ ನೀಲಾ ಮಿಂದು ಬಂದು ಅಜ್ಜಿಯ ಪಕ್ಕ ಕೂತಳು. ಬಲಗೈಯ ಎರಡು ಬೆರಳಿನಿಂದ ಕೊರಳಿನ ಗಂಟು ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಬರಲಿಲ್ಲ, ಬರಬಾರದೆಂದು ಎಲ್ಲರಿಗೂ ಗೊತ್ತಿತ್ತು. ಎಡ ಅಂಗೈ ಪೂರ್ತಿ ಚಪ್ಪಟೆಯಾಗಿರಲಿಲ್ಲ, ಸಣ್ಣ ಬಟ್ಟಲಿನಷ್ಟು ತಗ್ಗಿತ್ತು. ಲಿಂಗ ಆ ತಗ್ಗಿನಲ್ಲಿ ಜಾರದೆ ಕೂತಿತು. ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ. ಸ್ಪರ್ಶ ಮರಳಿತ್ತು. ಅವಳ ದೃಷ್ಟಿ ಅಲ್ಲೇ ನಿಂತಿತು. ಬೀದಿ, ಬಸ್ಸು, ಕಾರ್ಖಾನೆಯ ಸೈರನ್ನು, ಎಲ್ಲ ದೂರವಾದವು.

ಪೂಜೆ ಮುಗಿಸಿ ಹೊರಬಂದಾಗ ಅವನು ಗೇಟಿನಾಚೆ ಒಂದು ಕಾಲು ನೆಲಕ್ಕೂರಿ ಸೈಕಲ್ ಮೇಲಿದ್ದ. ಅವಳ ಹಣೆಯ ವಿಭೂತಿ ನೋಡಿದ, ಮುಖ ನೋಡಿದ. ಹೇಳಬೇಕಾಗಲಿಲ್ಲ. ಅವನ ಕಣ್ಣು ತುಂಬಿಕೊಂಡಿತು.

"ಈಗ ಕೇಳ್ಲಾ?"

"ನನ್ನನ್ನ ಕೇಳೋದೇನಿದೆ? ನನ್ನ ಉತ್ತರ ಹೊಂಗೆ ಚಿಗುರಿದಾಗಿಂದ ಹಾಗೇ ಇದೆ." ಅವಳು ಗೇಟು ತೆಗೆದಳು. "ಕೇಳಬೇಕಾದ್ದು ಅಪ್ಪನ್ನ."

ಅವನ ಬಣ್ಣ ಇಳಿಯಿತು. "ನಮ್ಮ ಜನ ಬೇರೆ, ದೇವರು ಬೇರೆ. ಒಪ್ತಾರಾ?"

"ಗೊತ್ತಿಲ್ಲ. ಆದ್ರೆ ನಾನು ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ."

ನಡುಮನೆಯಲ್ಲಿ ಏಕಾಂತಯ್ಯನವರು ಚಾಪೆಯ ಮೇಲೆ ಪೇಪರು ಹರಡಿಕೊಂಡು ಕೂತಿದ್ದರು. ಬಾಗಿಲಲ್ಲಿ ನಿಂತ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು. ಚನ್ನಕೇಶವ ಕೈ ಮುಗಿದ. "ನಿಮ್ಮನ್ನ ಒಂದು ಮಾತು ಕೇಳ್ಬೇಕು," ಎಂದು ನೀಲಾಳತ್ತ ತಿರುಗಿದ. ಅಡುಗೆಮನೆಯ ಹೊಸ್ತಿಲಲ್ಲಿ ಬಸವ್ವ ಬಂದು ನಿಂತಳು.

ಏಕಾಂತಯ್ಯನವರು ಮಗಳ ಮುಖವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಪೇಪರನ್ನು ನಿಧಾನವಾಗಿ ಮಡಿಸಿ ಬದಿಗಿಟ್ಟು, ಚಾಪೆಯ ಮೇಲೆ ಗೋಡೆಯ ಕಡೆಗೆ ಸರಿದು, ಇಬ್ಬರು ಕೂರುವಷ್ಟು ಜಾಗ ಮಾಡಿದರು.